ಗೋರಿಗಳ ನಡುವೆ ನಿಧಿ ಹುಡುಕಾಟ

ನಮ್ಮೂರು ಶ್ರೀರಂಗಪಟ್ಟಣ. ಬಂದವರೆಲ್ಲ ರಂಗನಾಥಸ್ವಾಮಿ ದೇವಸ್ಥಾನ, ದರಿಯಾ ದೌಲತ್, ಸಂಗಮ ನೋಡ್ಕೊಂಡು ಮೈಸೂರಿಗೆ ಹೊರಟುಬಿಡ್ತಾರೆ. ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನಕ್ಕೆ ಹೋಗುವವರು ಕಡಿಮೆ. "ಆ ಕಡೆ ಕಾಲಿಟ್ರೆ ನೋಡು" ಅಂತ ಅಮ್ಮ ಹೆದರಿಸ್ತಿದ್ದರಿಂದ ಚಿಕ್ಕಂದಿನಲ್ಲಿ ನಾನೂ ಹೋದವನಲ್ಲ.

ಕಳೆದ ಬೇಸಿಗೆ ರಜೆಗೆ ಅಕ್ಕನ ಮಕ್ಕಳಿಬ್ಬರೂ ಬಂದಿದ್ದರು. ಎರಡೇ ದಿನಕ್ಕೆ ಮೊಬೈಲ್‌ಗೆ ಅಂಟಿಕೊಂಡರು. ಕಿತ್ತುಕೊಂಡರೆ ರಂಪ. ಅದೇ ಮೊಬೈಲ್ ಹಿಡಿಸಿ ಹೊರಗೆ ಓಡಾಡಿಸಿದರೆ ಹೇಗೆ ಅನ್ನಿಸಿದಾಗ ನೆನಪಾಗಿದ್ದು ಜಿಯೋಕ್ಯಾಶಿಂಗ್.

ಆಟ ಸರಳ. ಒಬ್ಬರು ಡಬ್ಬಿ ಬಚ್ಚಿಟ್ಟು ಆ ಜಾಗದ ಅಕ್ಷಾಂಶ, ರೇಖಾಂಶ ಕೊಡ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಬೇಕು. ಮೊದಲು ಜನಸಾಮಾನ್ಯರ ಜಿಪಿಎಸ್ ಸಿಗ್ನಲ್‌ನಲ್ಲಿ ಅಮೆರಿಕ ಸರ್ಕಾರ ಬೇಕಂತಲೇ ದೋಷ ಬೆರೆಸುತ್ತಿತ್ತು. ಲೆಕ್ಕ ಸುಮಾರು 100 ಮೀಟರ್ ಆಚೀಚೆ ಆಗ್ತಿತ್ತು. 2000ದ ಮೇ 2ರಂದು ಅದು ನಿಂತಿತು. ಮರುದಿನವೇ ಆರೆಗಾನ್‌ನಲ್ಲಿ ಡೇವ್ ಉಲ್ಮರ್ ಎಂಬುವರು ಒಂದು ಬಕೆಟ್ ಬಚ್ಚಿಟ್ಟು ಈ ಆಟ ಶುರುಮಾಡಿದರು.

ಸ್ಮಶಾನದಲ್ಲಿ ಡಬ್ಬಿ ಇಡೋದು, ಅಗೆಯೋದು, ಗೋರಿ ಹತ್ತೋದು ಬೇಡ ಅಂತ ಮೊದಲೇ ನಿಯಮ ಮಾಡಿದೆ. ಕಲ್ಲಿನ ಮೇಲಿನ ಅಂಕಿಗಳೇ ಸುಳಿವು. ಹಿಂದಿನ ದಿನ ನಾನೊಬ್ಬನೇ ಹೋಗಿ ಐದು ಕಲ್ಲು ಆರಿಸಿದೆ. ಒಂದರ ಇಸವಿಯ ಕೊನೆಯ ಎರಡಂಕಿ, ಇನ್ನೊಂದರ ವಯಸ್ಸು, ಹೀಗೆ ಸೇರಿಸುತ್ತಾ ಹೋದರೆ ನಿಧಿಯ ಜಾಗದ ಪೂರ್ತಿ ಅಂಕಿ ಸಿಗಬೇಕು.

ಇಲ್ಲಿ ಸುಮಾರು 300 ಗೋರಿಗಳಿವೆ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದು ಕೋಟೆ ಬಿತ್ತು. ಆ ಯುದ್ಧದಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳು, ಆಮೇಲೆ ಇಲ್ಲಿದ್ದ ಸ್ವಿಸ್ ಮೂಲದ ಡಿ ಮ್ಯೂರಾನ್ ರೆಜಿಮೆಂಟಿನವರು, ಅವರ ಮನೆಯವರು ಇಲ್ಲಿ ಮಲಗಿದ್ದಾರೆ. ನಮ್ಮೂರ ಜ್ವರಕ್ಕೆ ಹೆದರಿಯೇ ಬ್ರಿಟಿಷರು 1809ರ ಹೊತ್ತಿಗೆ ದಂಡನ್ನು ಬೆಂಗಳೂರಿಗೆ ಸಾಗಿಸಿದ್ದು.

ಪಾಚಿ ಕಟ್ಟಿದ ಕಲ್ಲಿನಲ್ಲಿ ಚಿಕ್ಕವನು 1ನ್ನು 7 ಅಂತ ಓದಿದ. ಅಕ್ಷಾಂಶದ ಮೂರನೇ ದಶಮಾಂಶದಲ್ಲಿ ಒಂದಂಕಿ ತಪ್ಪಿದರೂ 110 ಮೀಟರ್ ವ್ಯತ್ಯಾಸ. ನಿಧಿ ಹೋಗಿ ಕಾವೇರಿ ಮಧ್ಯೆ ಬಿತ್ತು! ನಕ್ಕು ನಕ್ಕು ಸುಸ್ತಾದೆವು.

ನಾಲ್ಕನೇ ಕಲ್ಲಿನ ಹತ್ತಿರ ದೊಡ್ಡವಳು ಸುಮ್ಮನೆ ನಿಂತಳು. "ಮಾವ, ಅಷ್ಟು ದೂರದಿಂದ ಬಂದೋರಿಗೆಲ್ಲ ಕಲ್ಲಿದೆ. ನಮ್ಮ ಮುತ್ತಾತಂದು ಎಲ್ಲಿ?"

ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮ ತಾತನನ್ನು ಮಣ್ಣು ಮಾಡಿದ್ದು ನಮ್ಮದೇ ಜಮೀನಿನಲ್ಲಿ. ಕಲ್ಲು ನಿಲ್ಲಿಸಿರಲಿಲ್ಲ, ಗುರುತಿಗೆ ಇದ್ದದ್ದು ಒಂದು ಹೊಂಗೆ ಮರ. ಅದು ಬಿದ್ದುಹೋಗಿ ಎಷ್ಟೋ ವರ್ಷ ಆಯ್ತು. ಬದುವನ್ನೂ ಟ್ರ್ಯಾಕ್ಟರ್ ಸಮ ಮಾಡಿದೆ. ಜಾಗ ಗೊತ್ತಿದ್ದದ್ದು ಅಪ್ಪನಿಗೊಬ್ಬರಿಗೇ. ನಾನು ಯಾವತ್ತೂ ಕೇಳಿರಲಿಲ್ಲ.

ಐದೂ ಕಲ್ಲಿನ ಲೆಕ್ಕ ಮುಗಿದಾಗ ಮೊಬೈಲ್ ತೋರಿಸಿದ್ದು ನಮ್ಮನೆಯ ಹಿತ್ತಲನ್ನು. ಅಲ್ಲಿ ಸ್ಟೀಲ್ ಡಬ್ಬಿ ತುಂಬ ಅಮ್ಮ ಮಾಡಿದ ಕೊಬ್ಬರಿ ಮಿಠಾಯಿ. ಮಕ್ಕಳು ಮುಗಿಬಿದ್ದರು. ನನಗೆ ಮಾತ್ರ ಆ ಪ್ರಶ್ನೆ ಕೊರೀತಾನೇ ಇತ್ತು.

ಸಂಜೆ ಅಪ್ಪನನ್ನು ಜಮೀನಿಗೆ ಕರೆದುಕೊಂಡು ಹೋದೆವು. ಮಂಡಿನೋವಿದ್ದರೂ ಅಪ್ಪ ಪಂಪ್‌ಸೆಟ್ಟಿನಿಂದ ಹೆಜ್ಜೆ ಎಣಿಸುತ್ತಾ ನಡೆದರು. ನಿಂತರು. ಅನುಮಾನ ಬಂದು ಎರಡು ಹೆಜ್ಜೆ ಎಡಕ್ಕೆ ಸರಿದು, "ಇಲ್ಲೇ ಕಣಪ್ಪಾ" ಅಂದರು. ಚಪ್ಪಲಿ ಬಿಟ್ಟು ಕೈ ಮುಗಿದರು. ನಾವೂ ಮುಗಿದೆವು.

ಬಯಲಲ್ಲಿ ಮೊಬೈಲ್ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತೆ. ಅದಕ್ಕೇ ಆಗೊಮ್ಮೆ, ಮಾರನೇ ಬೆಳಗ್ಗೆ ಇನ್ನೊಮ್ಮೆ ಅಂಕಿ ತೆಗೆದುಕೊಂಡು ಸರಾಸರಿ ಮಾಡಿದೆ. ಮೊಬೈಲ್ ಇವತ್ತಿರುತ್ತೆ, ನಾಳೆ ಇರಲ್ಲ. ಹಾಗಾಗಿ ಅಮ್ಮನ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ದೊಡ್ಡವಳೇ ದುಂಡಗೆ ಬರೆದಿಟ್ಟಳು. ಈ ಸಲ ಊರಿಗೆ ಹೋದಾಗ ಅಲ್ಲೊಂದು ಕಲ್ಲು ನೆಡಬೇಕು.

ನಿಮ್ಮನೇಲೂ ಇಂಥ ಜಾಗ ತೋರಿಸಬಲ್ಲ ಹಿರಿಯರಿದ್ದರೆ ಈ ರಜೆಯಲ್ಲೇ ಮಕ್ಕಳ ಜೊತೆ ಕರೆದುಕೊಂಡು ಹೋಗಿ. ಅವರು ನಡೆಯುವಂತಿರುವಾಗಲೇ.