ಲಂಡನ್‌ನಲ್ಲಿ ಒಂದು ದಿನ, ಒಬ್ಬರೇ: ದಾರಿ ನೆನಪಿಡುವುದು ಯಾರು, ನಾವೋ ಫೋನೋ?

ಓದಲೆಂದು ಇಂಗ್ಲೆಂಡಿಗೆ ಹೋದ ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಇರುವುದು ಲಂಡನ್‌ನಲ್ಲಿ ಅಲ್ಲ. ಕವೆಂಟ್ರಿ, ಲೆಸ್ಟರ್, ಬರ್ಮಿಂಗ್‌ಹ್ಯಾಮ್‌ನಂತಹ ಊರುಗಳಲ್ಲಿದ್ದುಕೊಂಡು, ಯಾವುದಾದರೂ ಶನಿವಾರ ಬೆಳಗಿನ ರೈಲು ಹಿಡಿದು ಲಂಡನ್ ನೋಡಿ ರಾತ್ರಿ ವಾಪಸ್ಸಾಗುವುದು ಅವರ ಲೆಕ್ಕಾಚಾರ. ಗೆಳೆಯರ ಬಿಡುವು ಹೊಂದದೆ ಕೊನೆಗೆ ಒಬ್ಬರೇ ಹೊರಡಬೇಕಾಗುತ್ತದೆ. ಆಗ ಎರಡು ಮಾತು ಕೇಳಿಬರುತ್ತವೆ. ಒಂದು, "ನನಗೆ ದಿಕ್ಕೇ ಗೊತ್ತಾಗಲ್ಲ, ಹುಟ್ಟಿದಾಗಿಂದ ಹಾಗೇ." ಇನ್ನೊಂದು, "ಫೋನ್ ಇದೆಯಲ್ಲ, ಅದರಲ್ಲೇನಿದೆ ಕಷ್ಟ?" ಈ ಎರಡೂ ಅರ್ಧ ಸತ್ಯಗಳು. ಕುತೂಹಲದ ವಿಷಯವೆಂದರೆ, ಇವೆರಡನ್ನೂ ಪರೀಕ್ಷಿಸಿ ನೋಡಿದ ಮುಖ್ಯ ಸಂಶೋಧನೆಗಳು ನಡೆದದ್ದು ಲಂಡನ್‌ನಲ್ಲೇ.

ದಿಕ್ಕಿನ ಅರಿವು ಹುಟ್ಟುಗುಣವೇ?

ನಮ್ಮ ಮಿದುಳಿನ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ಸಮುದ್ರಕುದುರೆಯ ಆಕಾರದ ಪುಟ್ಟ ಭಾಗವಿದೆ. ಅದರ ಹೆಸರು ಹಿಪೊಕ್ಯಾಂಪಸ್. 1971ರಲ್ಲಿ ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಜಾನ್ ಓ'ಕೀಫ್ ಮತ್ತು ಜೊನಾಥನ್ ದೊಸ್ತ್ರೋವ್‌ಸ್ಕಿ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ವಿಚಿತ್ರವಾದ ಕೋಶಗಳನ್ನು ಗುರುತಿಸಿದರು. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಒಂದು ಕೋಶ ಮಿಡಿಯುತ್ತಿತ್ತು, ಬೇರೆ ಜಾಗಕ್ಕೆ ಹೋದರೆ ಇನ್ನೊಂದು. ಅಂದರೆ ಇಲಿಯ ತಲೆಯಲ್ಲಿ ಆ ಜಾಗದ ನಕ್ಷೆಯೊಂದು ತಯಾರಾಗುತ್ತಿತ್ತು. ಈ ಕೆಲಸಕ್ಕಾಗಿ ಓ'ಕೀಫ್ ಅವರಿಗೆ 2014ರ ನೊಬೆಲ್ ಬಂತು. ಇದಕ್ಕೆ ಪೂರಕವಾದ ಇನ್ನೊಂದು ಬಗೆಯ ಕೋಶಗಳನ್ನು ಕಂಡುಹಿಡಿದ ನಾರ್ವೆಯ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅದನ್ನು ಹಂಚಿಕೊಂಡರು.

ಇಲಿಗೆ ಇರುವುದು ನಮಗೂ ಇದೆ. ಆದರೆ ಅದು ಬೆಳೆಯುತ್ತದೆಯೇ? ಇದಕ್ಕೆ ಉತ್ತರ ಸಿಕ್ಕಿದ್ದು ಲಂಡನ್ನಿನ ಕಪ್ಪು ಟ್ಯಾಕ್ಸಿ ಚಾಲಕರಿಂದ. ಈ ಪರವಾನಗಿ ಬೇಕೆಂದರೆ ಚೇರಿಂಗ್ ಕ್ರಾಸ್‌ನಿಂದ ಸುಮಾರು ಹತ್ತು ಕಿಲೋಮೀಟರ್ ತ್ರಿಜ್ಯದೊಳಗಿನ ಸುಮಾರು 25,000 ಬೀದಿಗಳನ್ನು ತಲೆಯಲ್ಲಿಟ್ಟುಕೊಳ್ಳಬೇಕು. 'ದಿ ನಾಲೆಡ್ಜ್' ಎಂಬ ಈ ಪರೀಕ್ಷೆ 1865ರಿಂದ ನಡೆಯುತ್ತಿದೆ, ಪಾಸಾಗಲು ಮೂರ್ನಾಲ್ಕು ವರ್ಷ ಹಿಡಿಯುತ್ತದೆ. 2000ದಲ್ಲಿ ಎಲಿನಾರ್ ಮಗ್ವಾಯರ್ ಮತ್ತು ಸಂಗಡಿಗರು ಇಂತಹ 16 ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಹಿಪೊಕ್ಯಾಂಪಸ್‌ನ ಹಿಂಭಾಗ ಇತರರಿಗಿಂತ ದೊಡ್ಡದಾಗಿತ್ತು.

ಇಲ್ಲಿ ಜಾಣ ಓದುಗರು ಕೇಳಬೇಕಾದ ಪ್ರಶ್ನೆಯೊಂದಿದೆ. ದೊಡ್ಡ ಹಿಪೊಕ್ಯಾಂಪಸ್ ಇದ್ದವರೇ ಟ್ಯಾಕ್ಸಿ ಓಡಿಸಲು ಹೋದರೇನೋ? ಅದಕ್ಕಾಗಿಯೇ ಮುಂದೆ ಪರೀಕ್ಷೆಗೆ ತಯಾರಾಗುತ್ತಿದ್ದ 79 ಮಂದಿಯನ್ನು ಮೊದಲೂ ನಂತರವೂ ಸ್ಕ್ಯಾನ್ ಮಾಡಲಾಯಿತು. 2011ರಲ್ಲಿ ಬಂದ ಫಲಿತಾಂಶ ಇದು: ಶುರುವಿನಲ್ಲಿ ಯಾರ ನಡುವೆಯೂ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ, ಪಾಸಾದ 39 ಮಂದಿಯಲ್ಲಿ ಮಾತ್ರ ಆ ಭಾಗ ಬೆಳೆದಿತ್ತು. ಇನ್ನೂ ಒಂದು ಹೋಲಿಕೆ ನಮಗೆ ಮುಖ್ಯವೆನಿಸುತ್ತದೆ. ಅದೇ ಲಂಡನ್ನಿನಲ್ಲಿ, ಅದೇ ಟ್ರಾಫಿಕ್ಕಿನಲ್ಲಿ, ದಿನವಿಡೀ ಬಸ್ ಓಡಿಸುವವರಲ್ಲಿ ಈ ಬದಲಾವಣೆ ಕಾಣಲಿಲ್ಲ. ಬಸ್ಸಿನ ದಾರಿ ಗೊತ್ತುಪಡಿಸಿದ್ದು, ಅಲ್ಲಿ ಆಯ್ಕೆ ಮಾಡುವ ಕೆಲಸವೇ ಇಲ್ಲ. ಓಡಾಟದಿಂದಲ್ಲ, ಪ್ರತಿ ತಿರುವಿನಲ್ಲೂ "ಈಗ ಎತ್ತ?" ಎಂದು ಯೋಚಿಸುವುದರಿಂದ ನಕ್ಷೆ ತಯಾರಾಗುತ್ತದೆ ಎಂದು ಇದರಿಂದ ಊಹಿಸಬಹುದು. ಗುಂಪಿನಲ್ಲಿ ಊರು ಸುತ್ತಿ ಬಂದವರಲ್ಲಿ ಮುಂದೆ ನಡೆದವನಿಗೆ ಮಾತ್ರ ದಾರಿ ನೆನಪಿರುವುದೂ ಇದೇ ಕಾರಣಕ್ಕೆ ಇರಬೇಕು. ಒಬ್ಬರೇ ಹೋದಾಗ ಮುಂದೆ ನಡೆಯುವವರು ನೀವೇ.

ಹಾಗೆಂದು ಎಲ್ಲರೂ ಸಮಾನರೇನಲ್ಲ. 38 ದೇಶಗಳ ಸುಮಾರು ನಾಲ್ಕು ಲಕ್ಷ ಮಂದಿ ಮೊಬೈಲ್ ಆಟವೊಂದನ್ನು ಆಡಿದ ಮಾಹಿತಿಯನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನ, ನಗರದ ಹೊರಗೆ ಬೆಳೆದವರು ಸರಾಸರಿಯಲ್ಲಿ ದಾರಿ ಹುಡುಕುವುದರಲ್ಲಿ ಮುಂದು ಎಂದಿತು. ನೇರ ಅಡ್ಡ-ಉದ್ದ ರಸ್ತೆಗಳ ನಗರದಲ್ಲಿ ಬೆಳೆದವರು ಹಿಂದೆ ಬಿದ್ದಿದ್ದರು. ಅಂಕುಡೊಂಕು ಕಾಲುದಾರಿಯ ಊರಿನಿಂದ ಬಂದವರು "ನನಗೆ ಸಿಟಿ ಅಭ್ಯಾಸವಿಲ್ಲ" ಎಂದು ಕುಗ್ಗಬೇಕಿಲ್ಲ.

ನೀಲಿ ಚುಕ್ಕೆ ಹೇಳಿದಂತೆ ನಡೆದರೆ ಏನಾಗುತ್ತದೆ?

ಈಗ ಫೋನಿನ ಮಾತು. ಲೆಸ್ಟರ್ ಕಡೆಯ ರೈಲು ಸೇಂಟ್ ಪ್ಯಾಂಕ್ರಸ್‌ಗೆ, ಕವೆಂಟ್ರಿ ಕಡೆಯದು ಯೂಸ್ಟನ್‌ಗೆ ಬರುತ್ತದೆ. ಎರಡೂ ಒಂದೇ ರಸ್ತೆಯಲ್ಲಿವೆ. ಯೂಸ್ಟನ್‌ನಿಂದ ದಕ್ಷಿಣಕ್ಕೆ ನಡೆದರೆ ಓ'ಕೀಫ್ ಅವರ ಕಾಲೇಜು, ಇಪ್ಪತ್ತು ನಿಮಿಷದೊಳಗೆ ಬ್ರಿಟಿಷ್ ಮ್ಯೂಸಿಯಂ, ಇನ್ನೂ ಹತ್ತು ನಿಮಿಷಕ್ಕೆ ಸೆವೆನ್ ಡಯಲ್ಸ್. ಏಳು ಬೀದಿಗಳು ಒಂದೇ ಕಡೆ ಸೇರುವ ಈ ವೃತ್ತದ ನಡುವಿನ ಕಂಬದಲ್ಲಿ ಇರುವುದು ಆರೇ ಸೂರ್ಯಗಡಿಯಾರ. ಏಳನೆಯದು ಸ್ವತಃ ಕಂಬವೇ ಎಂದು ಹೇಳುವುದುಂಟು.

ಇಲ್ಲಿ ಪಕ್ಕದಲ್ಲೇ ಇರುವ ಸೊಹೊ ಬಡಾವಣೆಯ ಬೀದಿಗಳನ್ನು ಕಂಪ್ಯೂಟರಿನಲ್ಲಿ ತೋರಿಸಿ, 24 ಮಂದಿಯ ಮಿದುಳಿನ ಚಟುವಟಿಕೆಯನ್ನು ಹ್ಯೂಗೊ ಸ್ಪಿಯರ್ಸ್ ಅವರ ತಂಡ ಅಳೆದಿತ್ತು. 2017ರಲ್ಲಿ ಬಂದ ಅಧ್ಯಯನವದು. ತಾವೇ ದಾರಿ ಹುಡುಕುತ್ತಿದ್ದವರು ಹೊಸ ಬೀದಿಗೆ ಕಾಲಿಟ್ಟಾಗ ಹಿಪೊಕ್ಯಾಂಪಸ್ ಚುರುಕಾಗುತ್ತಿತ್ತು. ಮುಂದಿರುವ ಆಯ್ಕೆಗಳು ಹೆಚ್ಚಿದ್ದಷ್ಟೂ ಚುರುಕು ಹೆಚ್ಚು. "ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ" ಎಂಬ ಸೂಚನೆ ಅನುಸರಿಸಿದವರಲ್ಲಿ ಈ ಏರಿಳಿತವೇ ಇರಲಿಲ್ಲ.

ಇದರಿಂದ "ಜಿಪಿಎಸ್ ಮಿದುಳನ್ನು ಹಾಳುಮಾಡುತ್ತದೆ" ಎಂಬ ವಾಟ್ಸಾಪ್ ಸಂದೇಶಗಳು ಹುಟ್ಟಿಕೊಂಡವು. ಅಧ್ಯಯನ ಹಾಗೆ ಹೇಳಿಲ್ಲ. ಆ ಹೊತ್ತಿಗೆ ಆ ಭಾಗಕ್ಕೆ ಕೆಲಸ ಸಿಗಲಿಲ್ಲ, ಅಷ್ಟೆ. ಆದರೆ ಒಬ್ಬಂಟಿ ವಿದ್ಯಾರ್ಥಿಗೆ ಅಷ್ಟೂ ಸಣ್ಣ ವಿಷಯವಲ್ಲ. ಅವರ ನಕ್ಷೆ, ರೈಲು ಟಿಕೆಟ್, ಬ್ಯಾಂಕ್ ಕಾರ್ಡ್, ಮನೆ ವಿಳಾಸ ಎಲ್ಲವೂ ಇರುವುದು ಅದೇ ಫೋನಿನಲ್ಲಿ. ಚಳಿಯಲ್ಲಿ ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ಇಪ್ಪತ್ತು ಪರ್ಸೆಂಟ್ ತೋರಿಸುತ್ತಿದ್ದ ಫೋನ್ ಇದ್ದಕ್ಕಿದ್ದಂತೆ ಆಫ್ ಆಗಬಹುದು. ಲಂಡನ್ನಿನಲ್ಲಿ ರಸ್ತೆಯಂಚಿನಲ್ಲಿ ನಿಂತು ನಕ್ಷೆ ನೋಡುವವರ ಕೈಯಿಂದ ಬೈಕಿನಲ್ಲಿ ಬಂದು ಫೋನ್ ಕಸಿಯುವುದೂ ಎಲ್ಲರಿಗೂ ಗೊತ್ತಿರುವ ಕಾಟ.

ಅಲ್ಲದೆ ನೀಲಿ ಚುಕ್ಕೆಯೂ ದೇವರಲ್ಲ. ಉಪಗ್ರಹದ ಸಂಕೇತ ನೇರವಾಗಿ ಬರದೆ ಎತ್ತರದ ಗಾಜಿನ ಗೋಡೆಗಳಿಗೆ ಬಡಿದು ಬಂದರೆ, ಅದು ಕ್ರಮಿಸಿದ ದೂರ ಹೆಚ್ಚಾಗಿ ಲೆಕ್ಕ ತಪ್ಪುತ್ತದೆ. ಕಟ್ಟಡಗಳ ನಡುವೆ ಚುಕ್ಕೆ ಪಕ್ಕದ ಬೀದಿಗೆ ಹಾರುವುದು ಇದಕ್ಕೇ. ಫೋನಿನ ದಿಕ್ಸೂಚಿಯನ್ನು ಸುತ್ತಲಿನ ಉಕ್ಕು ಗೊಂದಲಗೊಳಿಸುತ್ತದೆ. ಸುರಂಗ ರೈಲಿನಿಂದ ಹೊರಬಂದ ಮೊದಲ ನಿಮಿಷದಲ್ಲಿ ಎರಡೂ ಒಟ್ಟಿಗೆ ಆಗಬಹುದು. ನಮ್ಮ ಒಳಕಿವಿ ಹಾಗೂ ಕಾಲುಗಳು ತಿರುವುಗಳನ್ನು ಲೆಕ್ಕ ಇಡುತ್ತಲೇ ಇರುತ್ತವಾದರೂ, ಎರಡು ಎಸ್ಕಲೇಟರ್, ನಾಲ್ಕು ಸೊಟ್ಟ ಓಣಿ ದಾಟುವಷ್ಟರಲ್ಲಿ ಅದೂ ತಪ್ಪಿರುತ್ತದೆ.

ನಾವು ಸೂಚಿಸುವುದು ಇಷ್ಟು. ಹೊರಡುವ ಮೊದಲು ಫೋನಿನಲ್ಲಿ ಇಡೀ ದಾರಿಯನ್ನು ಉತ್ತರ ಮೇಲಿರುವಂತೆ ಒಮ್ಮೆ ನೋಡಿ, ಮೂರು ಗುರುತು ಹಿಡಿದುಕೊಂಡು, ಜೇಬಿಗೆ ಹಾಕಿ. ಅನುಮಾನ ಬಂದಾಗ ಗೋಡೆಗೆ ಬೆನ್ನು ಮಾಡಿ ನಿಂತು ಮತ್ತೆ ತೆಗೆಯಿರಿ. ಬೀದಿಗಳಲ್ಲಿ 'ಲೆಜಿಬಲ್ ಲಂಡನ್' ಎಂಬ ನಕ್ಷೆ ಫಲಕಗಳಿವೆ. ಅವುಗಳಲ್ಲಿ ಮೇಲ್ಭಾಗ ಎಂದರೆ ಉತ್ತರವಲ್ಲ, ನೀವು ಮುಖ ಮಾಡಿ ನಿಂತ ದಿಕ್ಕು. ಐದು ನಿಮಿಷದಲ್ಲಿ ಎಲ್ಲಿಗೆ ನಡೆಯಬಹುದು ಎಂಬ ವೃತ್ತವೂ ಇರುತ್ತದೆ.

ಸುರಂಗ ರೈಲಿನ ನಕ್ಷೆ ಎಂಬ ಸುಂದರ ಸುಳ್ಳು

ಸೆವೆನ್ ಡಯಲ್ಸ್ ಹತ್ತಿರವೇ ಕವೆಂಟ್ ಗಾರ್ಡನ್ ನಿಲ್ದಾಣ. ಅಲ್ಲಿಂದ ಲೆಸ್ಟರ್ ಸ್ಕ್ವೇರ್ ನಿಲ್ದಾಣಕ್ಕೆ ಇರುವ ದೂರ ಸುಮಾರು 260 ಮೀಟರ್. ಇಡೀ ಸುರಂಗ ಜಾಲದಲ್ಲಿ ಪಕ್ಕಪಕ್ಕದ ಎರಡು ನಿಲ್ದಾಣಗಳ ನಡುವಿನ ಅತಿ ಕಡಿಮೆ ಅಂತರ ಇದು. ನಡೆದರೆ ನಾಲ್ಕೈದು ನಿಮಿಷ. ಕವೆಂಟ್ ಗಾರ್ಡನ್‌ನಲ್ಲಿ ಲಿಫ್ಟಿಗೆ ಕಾಯಲಾರದೆ ಮೆಟ್ಟಿಲು ಹಿಡಿದವರು ಸುರುಳಿಯಾಕಾರದ 193 ಮೆಟ್ಟಿಲು ಹತ್ತಬೇಕು. ಆದರೂ ಹೊಸಬರು ದುಡ್ಡು ಕೊಟ್ಟು ಈ ಒಂದು ನಿಲ್ದಾಣದ ಪ್ರಯಾಣ ಮಾಡುತ್ತಾರೆ, ಏಕೆಂದರೆ ನಕ್ಷೆಯಲ್ಲಿ ಅದು ಬೇರೆಲ್ಲ ನಿಲ್ದಾಣಗಳಷ್ಟೇ ದೂರ ಕಾಣುತ್ತದೆ.

ಇದರ ಹಿಂದಿರುವುದು ಹ್ಯಾರಿ ಬೆಕ್ ಎಂಬ ನಕ್ಷೆಗಾರ. ವಿದ್ಯುತ್ ಸರ್ಕ್ಯೂಟುಗಳ ಚಿತ್ರ ಬರೆಯುವ ಕೆಲಸ ಗೊತ್ತಿದ್ದ ಆತ, ರೈಲುಮಾರ್ಗಗಳನ್ನೂ ಹಾಗೆಯೇ ಬರೆದ: ನೇರ ಗೆರೆ, ಓರೆ ಗೆರೆ, ನಡುವೆ ಹೆಚ್ಚುಕಡಿಮೆ ಸಮಾನ ಅಂತರ. ಮೊದಲು ತಿರಸ್ಕೃತವಾದರೂ 1933ರಲ್ಲಿ ಅಚ್ಚಾಯಿತು, ಜಗತ್ತಿನ ಹಲವು ಮೆಟ್ರೊಗಳು ಅದನ್ನೇ ಅನುಸರಿಸಿದವು. ನಮ್ಮ ಮೆಟ್ರೊ ನಕ್ಷೆಯೂ ಅದೇ ಕುಲದ್ದು. ಯಾವ ರೈಲು ಹತ್ತಬೇಕು, ಎಲ್ಲಿ ಬದಲಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಚಿತ್ರವಿಲ್ಲ. ಎಷ್ಟು ದೂರ, ಯಾವ ದಿಕ್ಕು ಎಂದು ಕೇಳಿದರೆ ಮಾತ್ರ ಅದು ಸುಳ್ಳು ಹೇಳುತ್ತದೆ. ದಿನವೂ ಓಡಾಡುವ ಪ್ರಯಾಣಿಕರು ಕೂಡ ಕೆಲವೊಮ್ಮೆ ನಿಜಕ್ಕೂ ಬೇಗ ತಲುಪುವ ದಾರಿ ಬಿಟ್ಟು ನಕ್ಷೆಯಲ್ಲಿ ಚಿಕ್ಕದಾಗಿ ಕಾಣುವ ದಾರಿ ಹಿಡಿಯುತ್ತಾರೆಂದು ಜಾನ್ ಗುವೊ ಎಂಬ ಸಂಶೋಧಕ 2011ರಲ್ಲಿ ತೋರಿಸಿದ್ದಾರೆ.

ಸೂರ್ಯ ಎಲ್ಲಿದ್ದಾನೆ?

ಕಾಡಿನಲ್ಲಿ ದಾರಿ ತಪ್ಪಿದರೆ ಬಳ್ಳಿ ತುಳಿದಿರಬೇಕು ಎನ್ನುವವರು ನಮ್ಮಲ್ಲಿದ್ದಾರೆ. ಒಂದು ಕಾಲು ಉದ್ದ ಇರುವುದರಿಂದ ಸುತ್ತು ಹೊಡೆಯುತ್ತೇವೆ ಎನ್ನುವವರೂ ಇದ್ದಾರೆ. ಯಾನ್ ಸೌಮನ್ ಮತ್ತು ಸಂಗಡಿಗರು 2009ರಲ್ಲಿ ಜರ್ಮನಿಯ ಕಾಡಿನಲ್ಲೂ ಸಹಾರಾದಲ್ಲೂ ಜನರನ್ನು ನೇರ ನಡೆಯಿರಿ ಎಂದು ಬಿಟ್ಟು ನೋಡಿದರು. ಸೂರ್ಯ ಅಥವಾ ಚಂದ್ರ ಕಾಣುತ್ತಿದ್ದಾಗ ಸುಮಾರಾಗಿ ನೇರ ನಡೆದರು. ಮೋಡ ಕವಿದಾಗ, ನೇರವಾಗಿಯೇ ಹೋಗುತ್ತಿದ್ದೇವೆಂದು ನಂಬಿಕೊಂಡೇ ಸುತ್ತು ಹೊಡೆದರು. ಕಾಲಿನ ಉದ್ದಕ್ಕೂ ಇದಕ್ಕೂ ಸಂಬಂಧ ಸಿಗಲಿಲ್ಲ.

ಲಂಡನ್ ಇರುವುದು 51.5 ಡಿಗ್ರಿ ಉತ್ತರದಲ್ಲಿ. ನಮ್ಮೂರಿನಂತೆ ಅಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದೇ ಇಲ್ಲ, ಮಧ್ಯಾಹ್ನ ಯಾವಾಗಲೂ ದಕ್ಷಿಣದಲ್ಲಿ. ಡಿಸೆಂಬರಿನಲ್ಲಿ ಹನ್ನೆರಡು ಗಂಟೆಗೆ ಸೂರ್ಯನಿರುವುದು ದಿಗಂತದಿಂದ ಬರೀ 15 ಡಿಗ್ರಿ ಮೇಲೆ. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ ದಕ್ಷಿಣಕ್ಕೆ ಬರುವುದು ಸುಮಾರು ಒಂದು ಗಂಟೆಗೆ. ಮೋಡವಿದ್ದರೆ? ಮನೆಗಳ ಗೋಡೆಯ ಟೀವಿ ಡಿಶ್ ನೋಡಿ. ಬಹುಪಾಲು ಡಿಶ್‌ಗಳು ಆಗ್ನೇಯಕ್ಕೆ ಮುಖ ಮಾಡಿರುತ್ತವೆ, ಏಕೆಂದರೆ ಅಲ್ಲಿನ ಪ್ರಸಾರದ ಉಪಗ್ರಹಗಳು ಆ ಕಡೆಗಿವೆ.

ಡಿಸೆಂಬರ್ ಕೊನೆಯಲ್ಲಿ ಸೂರ್ಯ ಸುಮಾರು ನಾಲ್ಕಕ್ಕೇ ಮುಳುಗುತ್ತಾನೆ. ಹಗಲಿನಲ್ಲಿ ಹಿಡಿದ ಗುರುತುಗಳು ಕತ್ತಲಲ್ಲಿ ಬೇರೆಯಾಗಿ ಕಾಣುತ್ತವೆ. ಅಗ್ಗದ ಮುಂಗಡ ರೈಲು ಟಿಕೆಟ್ಟು ಆ ಒಂದು ರೈಲಿಗೆ ಮಾತ್ರ ಸಲ್ಲುವುದರಿಂದ, ದಾರಿ ಹುಡುಕುತ್ತ ಅರ್ಧ ಗಂಟೆ ಕಳೆದರೆ ಇನ್ನೊಂದು ಟಿಕೆಟ್ಟಿನ ಪೂರ್ತಿ ದುಡ್ಡು ತೆರಬೇಕು. ನಡೆದು ಹೋಗುವಾಗ ಆಗಾಗ ಹಿಂದಿರುಗಿ ನೋಡಿ. ವಾಪಸ್ ಬರುವಾಗ ಕಾಣುವುದು ಆ ಮಗ್ಗುಲು.

ಥೇಮ್ಸ್ ನೇರವಾಗಿಲ್ಲ

ಟ್ರಫಾಲ್ಗರ್ ಚೌಕದಿಂದ ವೈಟ್‌ಹಾಲ್ ಹಿಡಿದು ಸಂಸತ್ ಭವನಕ್ಕೆ ಬಂದರೆ ನದಿ ಸಿಗುತ್ತದೆ. ಲಂಡನ್ ಎಂದರೆ ನದಿಯ ಉತ್ತರ ದಡ, ದಕ್ಷಿಣ ದಡ ಎಂದೇ ಎಲ್ಲರ ಮಾತು. ಹಾಗಾಗಿ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟುವವರು ದಕ್ಷಿಣಕ್ಕೆ ಹೋಗುತ್ತಿದ್ದೇವೆ ಎಂದುಕೊಳ್ಳುತ್ತಾರೆ. ನಿಜದಲ್ಲಿ ಥೇಮ್ಸ್ ಇಲ್ಲಿ ಬಾಗಿ ಉತ್ತರಕ್ಕೆ ಹರಿಯುತ್ತದೆ, ಸೇತುವೆ ದಾಟಿದವರು ಹೋಗುವುದು ಪೂರ್ವಕ್ಕೆ. ಮನಸ್ಸು ನದಿಗಳನ್ನು ನೆಟ್ಟಗೆ ಮಾಡಿ ನೆನಪಿಟ್ಟುಕೊಳ್ಳುತ್ತದೆ. ಪ್ಯಾರಿಸ್‌ನವರಿಗೆ ತಮ್ಮ ನಗರದ ನಕ್ಷೆ ಬರೆಯಲು ಹೇಳಿದಾಗ ಸೇನ್ ನದಿಯ ಬಾಗನ್ನು ಬಹಳಷ್ಟು ಮಂದಿ ಸಪಾಟಾಗಿ ಬರೆದದ್ದನ್ನು ಸ್ಟ್ಯಾನ್ಲಿ ಮಿಲ್‌ಗ್ರಾಂ 1970ರ ದಶಕದಲ್ಲೇ ದಾಖಲಿಸಿದ್ದರು.

ಕನ್ನಡಿಗರು ಇದನ್ನು ಕಣ್ಣಾರೆ ನೋಡಲು ಒಂದು ಒಳ್ಳೆಯ ಜಾಗವಿದೆ. ಸಂಸತ್ ಭವನ ದಾಟಿ ಇನ್ನಷ್ಟು ನಡೆದು ಲ್ಯಾಂಬೆತ್ ಸೇತುವೆಯಿಂದ ಆಚೆ ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಸಿಗುತ್ತದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ ಬಸವೇಶ್ವರರ ಪ್ರತಿಮೆ ಅಲ್ಲಿದೆ. ಯೂಸ್ಟನ್‌ನಿಂದ ಇಲ್ಲಿಯವರೆಗಿನ ಇಡೀ ದಾರಿ ಸುಮಾರು ಐದು ಕಿಲೋಮೀಟರ್. ಅಲ್ಲಿ ನಿಂತು ನದಿಯತ್ತ ಮುಖ ಮಾಡಿ. ಎಲ್ಲರೂ 'ಉತ್ತರ ದಡ' ಎನ್ನುವ ಆಚೆ ದಡ ಇರುವುದು ನಿಮ್ಮ ಪಶ್ಚಿಮಕ್ಕೆ. ಬಿಸಿಲಿದ್ದರೆ, ಇಳಿಹೊತ್ತಿನ ಸೂರ್ಯನೂ ನದಿಯ ಆ ಕಡೆಯಲ್ಲೇ ಇರುತ್ತಾನೆ.