ಕಬ್ಬಿಣದ ಗುಡ್ಡದ ಕೆಳಗೆ ಹಳದಿ ಎಲೆ

ಸಂಡೂರು ತಾಲ್ಲೂಕಿನ ಯಶವಂತನಗರದ ಸುತ್ತ ಕಣ್ಣು ಹಾಯಿಸಿದ ಕಡೆಯೆಲ್ಲ ಕಬ್ಬಿಣ. ಅದಿರಿನ ಲಾರಿ ಓಡಾಡುವ ರಸ್ತೆಬದಿಯ ಬೇವಿನ ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಕೆಂಪು ಅಂಟುತ್ತದೆ. ಅದು ಹೆಮಟೈಟ್ ಎಂಬ ಖನಿಜದ ಬಣ್ಣ. ಶುದ್ಧ ಹೆಮಟೈಟ್‌ನ ತೂಕದಲ್ಲಿ ನೂರಕ್ಕೆ 70 ಪಾಲು ಕಬ್ಬಿಣವೇ. ಇಂಥ ಊರಿನ ಹಿತ್ತಲಲ್ಲಿ ಮೀನಿನ ತೊಟ್ಟಿ ಇಟ್ಟು, ಅದೇ ನೀರಿನಲ್ಲಿ ಸೊಪ್ಪು ಬೆಳೆಯಲು ಹೊರಟವರಿಗೆ ಬೇಗನೆ ಎದುರಾಗುವ ಕೊರತೆಯೂ ಕಬ್ಬಿಣದ್ದೇ! ಪಾಲಕ್‌ನ ಎಳೆ ಎಲೆ ಹಳದಿಗೆ ತಿರುಗುತ್ತದೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಗುಡ್ಡದ ತುಂಬ ಇರುವ ಲೋಹ ಬೇರಿಗೆ ಯಾಕೆ ಸಿಗುವುದಿಲ್ಲ? ಇದಕ್ಕೆ ಉತ್ತರ ತಿಳಿದರೆ, ಮೀನಿನ ನೀರಿನಲ್ಲೇ ಗಿಡ ಬೆಳೆಯುವ ಅಕ್ವಾಪೋನಿಕ್ಸ್ ಮುಕ್ಕಾಲು ಪಾಲು ತಿಳಿದ ಹಾಗೆ. ಈ ವಿದ್ಯೆಯಲ್ಲಿ ಪೈಪು, ಪಂಪುಗಳ ಜೋಡಣೆ ಯಾರಾದರೂ ಕಲಿಯಬಹುದಾದ ಕೆಲಸ. ನೀರಿನ ರಸಾಯನವೇ ನಿಜವಾದ ಕೃಷಿ.

ತತ್ವ ಸರಳ. ಮೀನು ತಿಂದ ಮೇವಿನ ಸಾರಜನಕದಲ್ಲಿ ದೊಡ್ಡ ಪಾಲು ಅಮೋನಿಯಾ ಆಗಿ ಕಿವಿರಿನ ಮೂಲಕ ನೀರಿಗೆ ಸೇರುತ್ತದೆ. ತೊಟ್ಟಿಯಲ್ಲೇ ಉಳಿದರೆ ಅದು ಮೀನಿಗೇ ವಿಷ. ಆ ನೀರನ್ನು ಪಂಪಿನಿಂದ ಎತ್ತಿ ಜಲ್ಲಿ ತುಂಬಿದ ಮಡಿಗೆ ಹಾಯಿಸಿದರೆ, ಜಲ್ಲಿಯ ಮೈಗೆ ಅಂಟಿದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಗಿಡಕ್ಕೆ ಊಟ. ಅದನ್ನು ಬೇರು ಹೀರಿಕೊಂಡ ಮೇಲೆ ನೀರು ಮತ್ತೆ ತೊಟ್ಟಿಗೆ ಇಳಿಯುತ್ತದೆ. ಈ ಎರಡು ಹಂತಗಳನ್ನು ಎರಡು ಬೇರೆ ಬೇರೆ ಬ್ಯಾಕ್ಟೀರಿಯಾಗಳು ಹಂಚಿಕೊಂಡು ಮಾಡುತ್ತವೆ ಎಂದು ನೂರಕ್ಕೂ ಹೆಚ್ಚು ವರ್ಷ ವಿಜ್ಞಾನಿಗಳು ನಂಬಿದ್ದರು. 2015ರಲ್ಲಿ ಎರಡೂ ಹಂತವನ್ನು ಒಂಟಿಯಾಗಿ ಮುಗಿಸುವ ನೈಟ್ರೋಸ್ಪೈರಾ ಬ್ಯಾಕ್ಟೀರಿಯಾ ಪತ್ತೆಯಾಯಿತು. ಅದು ಸಿಕ್ಕ ಎರಡು ತಾಣಗಳಲ್ಲಿ ಒಂದು, ಮೀನು ಸಾಕಣೆಯ ನೀರನ್ನು ಶುದ್ಧ ಮಾಡುವ ಶೋಧಕ ಎಂಬುದು ಈ ಕೆಲಸಕ್ಕೆ ಇಳಿದವರಿಗೆಲ್ಲ ಖುಷಿ ಕೊಡುವ ಸಂಗತಿ.

ಮಾಳಿಗೆಯ ಮೇಲೆ ಮಡಿ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಮೊದಲು ಲೆಕ್ಕ ಹಾಕಿ. ಒಂದು ಚದರ ಮೀಟರ್ ಮಡಿಯಲ್ಲಿ ಒಂದು ಅಡಿ ಆಳ ಜಲ್ಲಿ ತುಂಬಿ ನೀರು ಬಿಟ್ಟರೆ ಸುಮಾರು 600 ಕಿಲೋ ಭಾರ. ಮನೆಯ ಆರ್‌ಸಿಸಿ ಮಾಳಿಗೆಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಆಸುಪಾಸಿನ ಹೆಚ್ಚುವರಿ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಆದ್ದರಿಂದ ಹಿತ್ತಲೇ ಸರಿ. 500 ಲೀಟರಿನ ಒಂದು ತೊಟ್ಟಿ, ತಲಾ ಒಂದು ಚದರ ಮೀಟರಿನ ಎರಡು ಮಡಿ, ಗಂಟೆಗೆ 500ರಿಂದ 1000 ಲೀಟರ್ ಎತ್ತುವ ಪಂಪು, ಗಾಳಿ ಊದುವ ಇನ್ನೊಂದು ಸಣ್ಣ ಪಂಪು. ನಾಲ್ಕು ಜನರ ಮನೆಗೆ ಇಷ್ಟರಿಂದ ಶುರು ಮಾಡಬಹುದು. ಒಂದೇ ದೊಡ್ಡ ಮಡಿ ಮಾಡಿದರೆ ಅದು ತುಂಬುವಷ್ಟರಲ್ಲಿ ತೊಟ್ಟಿಯ ನೀರು ಅರ್ಧಕ್ಕೆ ಇಳಿಯುತ್ತದೆ. ಎರಡು ಮಡಿಗೆ, ತುಂಬಿದ ನೀರನ್ನು ತಾನಾಗಿ ಹೊರಹಾಕುವ ಎರಡು ಬೆಲ್ ಸೈಫನ್ ಇಟ್ಟು, ಅವು ಬೇರೆ ಬೇರೆ ಹೊತ್ತಿಗೆ ತುಂಬಿ ಖಾಲಿಯಾಗುವಂತೆ ನಲ್ಲಿ ತಿರುಗಿಸಿಕೊಂಡರೆ ಆ ತೊಂದರೆ ಇಲ್ಲ. ಮಡಿಯ ಮೇಲಿನ ಎರಡು ಇಂಚು ಜಲ್ಲಿ ಯಾವಾಗಲೂ ಒಣಗಿರಲಿ, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ.

ಜಲ್ಲಿಯ ವಿಷಯದಲ್ಲಿ ನಮ್ಮ ಸೀಮೆ ಅದೃಷ್ಟದ್ದು. ಹಂಪಿಯ ಬಂಡೆಗಳೆಲ್ಲ ಗ್ರಾನೈಟ್. ಅದೇ ಜಾತಿಯ ಕಲ್ಲಿನ 12ರಿಂದ 20 ಮಿಲಿಮೀಟರ್ ಜಲ್ಲಿ ಕ್ರಷರ್‌ಗಳಲ್ಲಿ ಸಿಗುತ್ತದೆ. ತೊಳೆದ ನೀರು ತಿಳಿಯಾಗುವವರೆಗೂ ತೊಳೆಯಬೇಕು. ಒಂದೆರಡು ಕಲ್ಲನ್ನು ವಿನೆಗರ್‌ನಲ್ಲಿ ಹಾಕಿ ನೋಡಿ. ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆ, ಬೇಡ. ಹತ್ತಿರ ಸಿಗುತ್ತದೆಂದು ಅದಿರಿನ ಚೂರನ್ನು ತುಂಬಲೂ ಹೋಗಬೇಡಿ. ಅದು ಗ್ರಾನೈಟಿನ ಹೆಚ್ಚುಕಡಿಮೆ ಎರಡರಷ್ಟು ಭಾರ, ಅದರ ಹುಡಿ ಮೀನಿನ ಕಿವಿರಿಗೆ ಕೂರುತ್ತದೆ, ಗಿಡಕ್ಕಂತೂ ಅದರಿಂದ ಏನೂ ಸಿಗುವುದಿಲ್ಲ.

ಎಷ್ಟು ಮೀನು ಬಿಡಬೇಕು ಎನ್ನುವುದಕ್ಕಿಂತ ದಿನಕ್ಕೆ ಎಷ್ಟು ಮೇವು ಹಾಕುತ್ತೇವೆ ಎನ್ನುವುದೇ ಇಲ್ಲಿ ಅಳತೆಗೋಲು. ವರ್ಜಿನ್ ದ್ವೀಪಗಳ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರಕೋಸಿ 1980ರಿಂದ ನಡೆಸಿದ ಕೆಲಸದಿಂದ ಈ ಲೆಕ್ಕ ಬೆಳೆಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಸಣ್ಣ ಘಟಕಗಳಿಗಾಗಿ ತಂದ ಕೈಪಿಡಿ ಸೊಪ್ಪಿನ ಮಡಿಗೆ ಚದರ ಮೀಟರಿಗೆ ದಿನಕ್ಕೆ 40ರಿಂದ 50 ಗ್ರಾಂ ಮೇವು ಸಾಕು ಎನ್ನುತ್ತದೆ. ನಮ್ಮ ಎರಡು ಮಡಿಗೆ 100 ಗ್ರಾಂ. ಆರೇಳು ಕಿಲೋ ತೂಗುವ ಇಪ್ಪತ್ತು ಮೀನು ಅಷ್ಟನ್ನು ತಿನ್ನುತ್ತವೆ. ನೂರಕ್ಕೆ 32 ಪಾಲು ಪ್ರೋಟೀನ್ ಇರುವ 100 ಗ್ರಾಂ ಮೇವಿನಿಂದ ಸುಮಾರು 3 ಗ್ರಾಂ ಸಾರಜನಕ ಅಮೋನಿಯಾ ರೂಪದಲ್ಲಿ ಹೊರಬರುತ್ತದೆ. ಅಂದರೆ 500 ಲೀಟರ್ ನೀರಿನಲ್ಲಿ ಲೀಟರಿಗೆ 6 ಮಿಲಿಗ್ರಾಂ, ಅದೂ ಪ್ರತಿದಿನ. ಬ್ಯಾಕ್ಟೀರಿಯಾ ಇಲ್ಲದ ತೊಟ್ಟಿಯಲ್ಲಿ ಮೀನು ಕೆಲವೇ ದಿನ ಬದುಕೀತು. ಆದ್ದರಿಂದ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಕಾಯಲೇಬೇಕು. ಅಷ್ಟು ದಿನ ನಾಲ್ಕಾರು ಮರಿಗಳು ಸಾಕು, ಚಿಟಿಕೆ ಮೇವು ಸಾಕು. ನಡುವೆ ನೈಟ್ರೈಟ್ ಏರುವ ವಾರವೇ ಅಪಾಯದ್ದು. ಅದು ಮೀನಿನ ರಕ್ತದಲ್ಲಿರುವ ಕಬ್ಬಿಣದ ರೂಪವನ್ನೇ ಬದಲಿಸಿ, ಆಮ್ಲಜನಕ ಹೊರದಂತೆ ಮಾಡುತ್ತದೆ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಆಗ ಲೀಟರಿಗೆ ಒಂದು ಗ್ರಾಂ ಉಪ್ಪು, ಅಯೋಡಿನ್ ಇಲ್ಲದ ಕಲ್ಲುಪ್ಪು, ಮೀನನ್ನು ಕಾಯುತ್ತದೆ.

ಇನ್ನು ನೀರು. ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ಬೋರ್‌ವೆಲ್ ನೀರು ಬಳ್ಳಾರಿ ಸೀಮೆಯವರಿಗೆ ಹೊಸದಲ್ಲ. ಅದು ಬೈಕಾರ್ಬೊನೇಟ್ ತುಂಬಿದ ಗಡಸು ನೀರು, ಪಿಎಚ್ 8ರ ಆಚೀಚೆ. ಇದರಲ್ಲಿ ಒಂದು ಅಪಾಯವಿದೆ, ಒಂದು ಅನುಕೂಲವೂ ಇದೆ. ಅಮೋನಿಯಾಕ್ಕೆ ನೀರಿನಲ್ಲಿ ಎರಡು ರೂಪ, ಒಂದು ಸಾಧು, ಒಂದು ವಿಷ. 30 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. 8 ಆದರೆ ಏಳೆಂಟು. 8.5 ಆದರೆ ಇಪ್ಪತ್ತರ ಹತ್ತಿರ. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ನೆರಳಿಲ್ಲದ ತೊಟ್ಟಿಯ ನೀರು 30 ದಾಟುವುದು ಸುಲಭ. ಬಿಸಿನೀರಿನಲ್ಲಿ ಆಮ್ಲಜನಕ ಕರಗುವುದೂ ಕಡಿಮೆ. ಅದಕ್ಕೇ ತೊಟ್ಟಿಯ ಮೇಲೆ ನೆರಳುಪರದೆ ಬೇಕು, ಕರೆಂಟು ಹೋದಾಗ ಗಾಳಿಪಂಪು ನಿಲ್ಲದಂತೆ ಒಂದು ಬ್ಯಾಟರಿಯೂ ಬೇಕು. ಇವೆರಡಕ್ಕೆ ದುಡ್ಡಿಲ್ಲದಿದ್ದರೆ ಮೀನು ತರುವುದನ್ನು ಮುಂದೂಡುವುದೇ ಲೇಸು.

ಅನುಕೂಲ ಏನೆಂದರೆ, ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟುತ್ತದೆ, ಅದು ನೀರಿನ ಕ್ಷಾರತೆಯನ್ನು ತಿನ್ನುತ್ತ ಹೋಗುತ್ತದೆ. ದಿನಕ್ಕೆ 3 ಗ್ರಾಂ ಸಾರಜನಕಕ್ಕೆ ಸುಮಾರು 21 ಗ್ರಾಂ ಸುಣ್ಣದಕಲ್ಲಿಗೆ ಸಮನಾದಷ್ಟು ಕ್ಷಾರತೆ ಖರ್ಚು. ಗಿಡದ ಬೇರು ನೈಟ್ರೇಟ್ ಹೀರುವಾಗ ಅದರಲ್ಲಿ ಒಂದಿಷ್ಟನ್ನು ಮರಳಿಸುತ್ತದೆ. ಹೀಗಾಗಿ ಗಡಸು ನೀರು ವಾರಗಳು ಕಳೆದಂತೆ ತಾನಾಗಿ ಹದಕ್ಕೆ ಬರುತ್ತದೆ. ಅವಸರಪಟ್ಟು ನಿಂಬೆಹಣ್ಣು ಹಿಂಡಬೇಡಿ. ಅದರ ಸಿಟ್ರಿಕ್ ಆಮ್ಲ ಬ್ಯಾಕ್ಟೀರಿಯಾಗಳಿಗೆ ಮಾರಕ. ಮಳೆನೀರು ಹಿಡಿದಿಟ್ಟು ಬೆರೆಸುವುದು ಎಲ್ಲಕ್ಕಿಂತ ಒಳ್ಳೆಯ ಉಪಾಯ. ಮುಂದೊಂದು ದಿನ ಪಿಎಚ್ 6.5ಕ್ಕಿಂತ ಕೆಳಗಿಳಿದರೆ ಸುಣ್ಣವನ್ನು ಚೂರುಚೂರೇ ಕದಡಿ ಏರಿಸಬಹುದು, ಕ್ಯಾಲ್ಸಿಯಂ ಕೂಡ ಸಿಕ್ಕಂತಾಯಿತು.

ಈಗ ಆ ಹಳದಿ ಎಲೆಗೆ ಬರೋಣ. ಗಾಳಿಯಾಡುವ ನೀರಿನಲ್ಲಿ ಕಬ್ಬಿಣ ಫೆರಿಕ್ ರೂಪದಲ್ಲಿರುತ್ತದೆ, ಅಂದರೆ ತುಕ್ಕಿನ ರೂಪದಲ್ಲಿ. ಪಿಎಚ್ ಒಂದು ಅಂಕ ಏರಿದರೆ ನೀರಿನಲ್ಲಿ ಕರಗಿರಬಲ್ಲ ಫೆರಿಕ್ ಅಯಾನು ಸಾವಿರ ಪಟ್ಟು ಇಳಿಯುತ್ತದೆ. ಗುಡ್ಡದ ಅದಿರನ್ನು ತೊಟ್ಟಿಗೆ ಹಾಕಿದರೂ, ತುಕ್ಕು ಹಿಡಿದ ಮೊಳೆ ಹಾಕಿದರೂ ಅದು ತಳದಲ್ಲಿ ಕೆಸರಾಗಿ ಕೂರುತ್ತದೆಯೇ ಹೊರತು ಬೇರಿಗೆ ದಕ್ಕುವುದಿಲ್ಲ. ಮೆಂತ್ಯ, ಪಾಲಕ್‌ನಂಥ ಗಿಡಗಳು ಮಣ್ಣಿನಲ್ಲಾದರೆ ಬೇರಿನ ತುದಿಯಿಂದ ಆಮ್ಲ ಸೂಸಿ ಕಬ್ಬಿಣವನ್ನು ಕರಗಿಸಿಕೊಳ್ಳುತ್ತವೆ. ಗಡಸು ನೀರಿನ ಬೈಕಾರ್ಬೊನೇಟ್ ಆ ಆಮ್ಲವನ್ನು ಅಲ್ಲೇ ಕೊಂದುಹಾಕುತ್ತದೆ. ಕಂಪ್ಲಿಯ ಭತ್ತದ ಗದ್ದೆಯಲ್ಲಿ ಈ ತೊಂದರೆ ಕಾಣದಿರಲು ಕಾರಣವಿದೆ. ನಿಂತ ನೀರಿನ ಕೆಸರಿನಲ್ಲಿ ಆಮ್ಲಜನಕ ಮುಗಿದು, ಕಬ್ಬಿಣ ಸುಲಭವಾಗಿ ಕರಗುವ ಫೆರಸ್ ರೂಪಕ್ಕೆ ಇಳಿಯುತ್ತದೆ. ನಮ್ಮ ತೊಟ್ಟಿಯಲ್ಲಿ ಮೀನಿಗಾಗಿ ಹಗಲೂ ರಾತ್ರಿ ಗಾಳಿ ಊದುತ್ತೇವೆ, ಅದು ಕಬ್ಬಿಣಕ್ಕೆ ಸರಿಬಾರದು.

ಗುರುತು ಹಿಡಿಯುವುದು ಕಷ್ಟವಲ್ಲ. ಸಾರಜನಕ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಅದನ್ನು ಎಳೆಯ ಎಲೆಗೆ ಸಾಗಿಸುತ್ತದೆ, ಕೆಳಗಿನ ಎಲೆ ಹಳದಿಯಾಗುತ್ತದೆ. ಕಬ್ಬಿಣ ಹಾಗೆ ಸಾಗುವುದಿಲ್ಲ, ಮೇಲಿನ ಕುಡಿಯೇ ಮೊದಲು ಬಿಳುಚುತ್ತದೆ. ಮದ್ದು ಚಿಲೇಟ್ ಮಾಡಿದ ಕಬ್ಬಿಣ: ಸಾವಯವ ಅಣುವೊಂದು ಕಬ್ಬಿಣವನ್ನು ಸುತ್ತುವರಿದು ತುಕ್ಕಾಗದಂತೆ ಹಿಡಿದಿರುತ್ತದೆ. ಕೃಷಿ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಇಡಿಟಿಎ ರೂಪ ಪಿಎಚ್ 6.5ರ ಆಚೆಗೆ ಕೈಬಿಡುತ್ತದೆ. ಡಿಟಿಪಿಎ 7.5ರವರೆಗೆ ಬರುತ್ತದೆ. ನಮ್ಮ ನೀರಿಗೆ ಶುರುವಿನಲ್ಲಿ ಇಡಿಡಿಎಚ್‌ಎ ರೂಪವೇ ಗತಿ. ಅದನ್ನು ಹಾಕಿದಾಗ ತೊಟ್ಟಿಯ ನೀರು ದಾಳಿಂಬೆ ರಸದಂತೆ ಕೆಂಪಾಗುತ್ತದೆ, ಮೀನಿಗೇನೂ ಆಗುವುದಿಲ್ಲ, ಗಾಬರಿ ಬೇಡ. ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣ, ಮೂರು ವಾರಕ್ಕೊಮ್ಮೆ. ನೂರಕ್ಕೆ 6 ಪಾಲು ಕಬ್ಬಿಣವಿರುವ ಪುಡಿಯಾದರೆ 500 ಲೀಟರಿಗೆ 17 ಗ್ರಾಂ. ಇಷ್ಟು ಪುಡಿಯಲ್ಲಿ ಇರುವ ಕಬ್ಬಿಣ ಬರೀ ಒಂದು ಗ್ರಾಂ. ಹೊಸ ಕುಡಿ ಹಸಿರಾಗಿ ಬರುತ್ತದೆ.

ನೆಡಲು ಪುದೀನ ಮತ್ತು ಬಸಳೆಯ ಕಡ್ಡಿಗಳೇ ಮೊದಲು. ಜಲ್ಲಿಯಲ್ಲಿ ನೆಟ್ಟರೆ ತಂತಾನೇ ಬೇರು ಬಿಡುತ್ತವೆ. ರಾಜಗಿರಿ, ಪುಂಡಿ, ಪಾಲಕ್ ಸಸಿಗಳನ್ನು ತೆಂಗಿನ ನಾರಿನ ಹುಡಿಯಲ್ಲಿ ಎಬ್ಬಿಸಿ, ಬೇರು ತೊಳೆದು ಕೂರಿಸಬೇಕು. ಟೊಮೆಟೊ, ಮೆಣಸಿನಕಾಯಿಗೆ ಪೊಟ್ಯಾಸಿಯಂ ಹೆಚ್ಚು ಬೇಕು, ಮೀನಿನ ಮೇವಿನಲ್ಲಿ ಅದು ಕಡಿಮೆ. ಅವನ್ನು ಆರು ತಿಂಗಳ ಮೇಲೆ ನೋಡೋಣ. ಕೀಟನಾಶಕದ ಮಾತೇ ಬೇಡ, ಎಲೆಗೆ ಹೊಡೆದದ್ದು ಮೀನಿನ ಬಾಯಿಗೆ ಹೋಗುತ್ತದೆ.

ಮೀನು ತಿನ್ನದ ಮನೆಗಳೂ ಹಿಂಜರಿಯಬೇಕಿಲ್ಲ. ಗೋಲ್ಡ್‌ಫಿಶ್, ಕೋಯಿಗಳ ಅಮೋನಿಯಾವೂ ಅಷ್ಟೇ ಒಳ್ಳೆಯ ಗೊಬ್ಬರ. ತಿನ್ನುವವರಿಗೆ ಸಾಮಾನ್ಯ ಗೆಂಡೆ ಗಟ್ಟಿಜೀವ. ಮರಿಗಳ ಬಗ್ಗೆ ಹೊಸಪೇಟೆಯ ಟಿ.ಬಿ. ಡ್ಯಾಂ ಮೀನುಮರಿ ಕೇಂದ್ರದಲ್ಲಿ ವಿಚಾರಿಸಿ. ಕಾಟ್ಲಾ, ರೋಹುಗಳಿಗೆ 500 ಲೀಟರ್ ಇಕ್ಕಟ್ಟು. ತಿಲಾಪಿಯಾ ಸಾಕಲು ಮೀನುಗಾರಿಕೆ ಇಲಾಖೆಯ ಅನುಮತಿ ಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ನಮ್ಮ ದೇಶದಲ್ಲಿ ನಿಷಿದ್ಧ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ಕೊನೆಗೊಂದು ಕೋರಿಕೆ. ಸಾಕಿ ಸಾಕಾಯಿತೆಂದು ತೊಟ್ಟಿಯ ಮೀನನ್ನು ಹಳ್ಳಕ್ಕೋ ಕಾಲುವೆಗೋ ಬಿಡಬೇಡಿ. 1952ರಲ್ಲಿ ದೇಶಕ್ಕೆ ತಂದ ತಿಲಾಪಿಯಾ ಹೀಗೆ ಕೆರೆ, ಜಲಾಶಯಗಳಿಗೆಲ್ಲ ಹಬ್ಬಿ ಊರಿನ ಮೀನುಗಳ ಜಾಗ ಹಿಡಿಯಿತು. ಸಂಡೂರಿನ ನಾರಿಹಳ್ಳದ ನೀರು ಗುಡ್ಡಗಳ ಗಂಡಿ ದಾಟಿ ದರೋಜಿ ಕೆರೆಗೆ ಹೋಗುತ್ತದೆ. ಅತ್ತ ಮುದ್ಲಾಪುರದಿಂದ ಕಂಪ್ಲಿಯವರೆಗಿನ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಬೇಡವಾದ ಮೀನನ್ನು ಸಾಕುವ ಇನ್ನೊಬ್ಬರಿಗೆ ಕೊಡಿ, ಹೊಳೆಗೆ ಮಾತ್ರ ಬಿಡಬೇಡಿ.