ರೈಫಲ್ ಆರಿಸೋದು ಯಾರು, ನೀವಾ ಸರ್ಕಾರವಾ?

ದೂರದ ಗುರಿಗೆ ಯಾವ ಸೆಮಿ-ಆಟೋಮ್ಯಾಟಿಕ್ ರೈಫಲ್ ಬೆಸ್ಟ್ ಅಂತ ವಿಡಿಯೋ ನೋಡ್ತೀರಾ? ಬ್ಯಾರಲ್, ಗುಂಡು, ಟ್ರಿಗರ್ ಚೆನ್ನಾಗಿದ್ದರಷ್ಟೇ ಗುರಿ ನಿಖರ. ಸೆಮಿ-ಆಟೋದಲ್ಲಿ ಓಡಾಡುವ ಭಾಗಗಳು ಹೆಚ್ಚು. ಹಾಗಾಗಿ ಸಾಮಾನ್ಯವಾಗಿ ಬೋಲ್ಟ್ ರೈಫಲ್ಲೇ ಮೇಲು.

ಆದರೆ ಮುಂಡರಗಿ, ಶಿರಹಟ್ಟಿಯವರಿಗೆ ಆಯ್ಕೆ ಶುರುವಾಗೋದು ಅಂಗಡಿಯಲ್ಲಲ್ಲ, ಪರವಾನಗಿ ಅರ್ಜಿಯಲ್ಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಸೆಮಿ-ಆಟೋ ರೈಫಲ್ ಜನಸಾಮಾನ್ಯರಿಗೆ ಬಹುತೇಕ ಸಿಗದು.

ಈ ನಿಯಂತ್ರಣದ ಬೇರು 1857ರ ನಿಶ್ಶಸ್ತ್ರೀಕರಣ ಕಾಯ್ದೆಯಲ್ಲಿದೆ. ಆಯುಧ ಒಪ್ಪಿಸಲ್ಲ ಅಂತ ಹಲಗಲಿಯ ಬೇಡರು ಬಂಡೆದ್ದರು. 1858ರಲ್ಲಿ ಮುಂಡರಗಿ ಭೀಮರಾಯರು ಕೊಪ್ಪಳ ಕೋಟೆಯಲ್ಲಿ ಹೋರಾಡುತ್ತ ಮಡಿದರು.

ಬ್ರಿಟಿಷರಿಗಿದ್ದದ್ದು ಜನರ ಭಯ. ಇವತ್ತಿನ ಕಾಯ್ದೆಗೆ ಇರಬೇಕಾದ್ದು ಜನರ ಸುರಕ್ಷತೆಯ ಕಾಳಜಿ. ಬಂದೂಕು ಎಲ್ಲರಿಗೂ ಸಿಗಲಿ ಅಂತಲ್ಲ. ಆದರೆ ಪರವಾನಗಿ ನಿರಾಕರಿಸಿದರೆ ಲಿಖಿತ ಕಾರಣ ಕೇಳುವ ದಾರಿ ಇದೇ ಕಾಯ್ದೆಯ 14ನೇ ಸೆಕ್ಷನ್‌ನಲ್ಲಿದೆ. ಕೇಳಿ.